ಅರ್ಧ ಅವಧಿಯ ಆಣೆ

ನಮ್ಮ ಮನೆಗೆ ಬಂದವರು ಚಹಾ ಚೆನ್ನಾಗಿದೆ ಎಂದರೆ ನಾನು ಅವರ ಮುಖವನ್ನು ಇನ್ನೊಮ್ಮೆ ನೋಡುತ್ತೇನೆ. ನಾನು ಮಾಡುವ ಚಹಾ ಚೆನ್ನಾಗಿರುವುದಿಲ್ಲ. ಅದು ನನಗೂ ಗೊತ್ತು, ಕುಡಿದವರಿಗೂ ಗೊತ್ತು. ಬೆಳಗಿನಿಂದ ಒಲೆಯ ಮೇಲೆ ಕುದಿದು ಕುದಿದು ಕಷಾಯವಾದದ್ದನ್ನು ಹೊಗಳುವವನಿಗೆ ಏನೋ ಬೇಕಾಗಿದೆ ಎಂದೇ ಅರ್ಥ. ಪಡಸಾಲೆಯಲ್ಲಿ ಕೂತ ನನ್ನ ಗಂಡ ಆ ಮಾತು ಕೇಳಿ ಮೀಸೆಯಲ್ಲೇ ನಗುತ್ತಾರೆ. ಬಂದವನು ಹೋದ ಮೇಲೆ, "ಇಂವ ಮಗನ ನೌಕ್ರಿ ಕೇಳ್ಲಿಕ್ಕೆ ಬಂದಿದ್ದ. ಬಾಯಿಗಿ ಬರ್ಲಿಲ್ಲ. ಮತ್ತ ಬರ್ತಾನ ನೋಡು" ಎನ್ನುತ್ತಾರೆ. ಮರುವಾರ ಅವನು ಬಂದೇ ಬರುತ್ತಾನೆ. ಮದುವೆಯಾದ ಹೊಸತರಲ್ಲಿ ನನಗೆ ಇದು ದೊಡ್ಡ ಬೆರಗು. ಈಗ ನಾನೇ ಅವರಿಗಿಂತ ಮೊದಲು ಹೇಳಿಬಿಡುತ್ತೇನೆ.

ನನ್ನ ಗಂಡ ಹುಟ್ಟಿದ್ದು ಶಹಾಬಾದಿನ ಕಲ್ಲುಗಣಿಗಳ ಪಕ್ಕದ ಓಣಿಯಲ್ಲಿ. ಮಾವನವರು ನೆಲಕ್ಕೆ ಹಾಸುವ ಫರ್ಸಿಕಲ್ಲು ಸೀಳುತ್ತಿದ್ದರು. ಇವರ ಕೈಗೆ ಸುತ್ತಿಗೆ ಒಗ್ಗಲಿಲ್ಲ, ಬಾಯಿ ಮಾತ್ರ ಚೆನ್ನಾಗಿ ಒಗ್ಗಿತು. ವಾಡಿಗೆ ಬಂದು ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೂಲಿಗಳ ಸಂಘ ಸೇರಿದರು. ಮೊದಲು ಮೈಕು ಕಟ್ಟುತ್ತಿದ್ದರು, ಆಮೇಲೆ ಮೈಕಿನ ಮುಂದೆ ನಿಂತರು, ಆಮೇಲೆ ಮೈಕು ಯಾರ ಕೈಗೆ ಕೊಡಬೇಕೆಂದು ಹೇಳುವವರಾದರು. ವಾಡಿಯಿಂದ ತುಸು ದೂರದ ನಮ್ಮೂರಲ್ಲಿ ಮನೆ ಕಟ್ಟಿದ ಮೇಲೆ ಊರಿನವರು 'ಲೀಡರ್ ಸಾಹೇಬ್ರು' ಎಂದು ಕರೆಯತೊಡಗಿದರು. ತಾಲೂಕು ಪಂಚಾಯಿತಿಗೆ ಒಮ್ಮೆ ಗೆದ್ದರು. ಜಿಲ್ಲಾ ಪಂಚಾಯಿತಿಗೆ ನಿಂತು ಸೋತರು.

ಸೋಲಿಗಿಂತ ಅವರನ್ನು ಕೊರೆದದ್ದು ಬೇರೆ. ನಮ್ಮ ಓಣಿಯವರು ಓಟು ಹಾಕಿದ ಬೂತಿನಲ್ಲೇ ಅವರು ಹಿಂದೆ ಬಿದ್ದಿದ್ದರು. ಎಣಿಕೆ ಮುಗಿದು ಮನೆಗೆ ಬಂದವರು ಕೈಕಾಲು ಸಹ ತೊಳೆಯದೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಅತ್ತೆ ಮಗನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ಮೈದುನ ದೇವರ ಕೋಣೆಯಿಂದ ಭಂಡಾರದ ಅರಿಶಿಣ ತಂದು, ಅಂಗೈಯಲ್ಲಿ ಹಿಡಿದು ಆಣೆ ಮಾಡಿದ. ನಾನು ಮಾಡಲಿಲ್ಲ. "ನಿಮಗೇ ಹಾಕೀನಿ ಅಂತ ಹೇಳೀನಲ್ರಿ, ಮತ್ತ ಆಣಿ ಯಾಕ?" ಎಂದೆ. ನಾನು ಹಾಕಿದ್ದು ಅವರಿಗೇ. ಆದರೆ ನನ್ನ ತವರು ತೆಲುಗು ಗಡಿಯ ಕುಂಚಾವರಂ ಕಡೆಯ ಕಾಡಂಚಿನ ಹಳ್ಳಿ. ಆಣೆ ಮಾಡಿದರೆ ಅದನ್ನು ಸಾಯುವ ತನಕ ಹೊರಬೇಕು, ಅದಕ್ಕೇ ಸುಮ್ಮಸುಮ್ಮನೆ ಮಾಡಬಾರದು ಎಂದು ನಮ್ಮಪ್ಪ ಹೇಳುತ್ತಿದ್ದರು. ಅದನ್ನು ಎಷ್ಟು ಬಿಡಿಸಿ ಹೇಳಿದರೂ ಇವರಿಗೆ ತಿಳಿಯಲಿಲ್ಲ. ಅಂದಿನಿಂದ ನಾನು ಪಡಸಾಲೆಗೆ ಬಂದರೆ ಅವರು ಮಾತಿನ ದನಿ ತಗ್ಗಿಸುತ್ತಿದ್ದರು.

ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ನಮ್ಮ ಕಡೆಯ ರಾಜಕಾರಣದಲ್ಲಿ ಬಾಯಿಮಾತನ್ನು ಯಾರೂ ನೆಚ್ಚುವುದಿಲ್ಲ. ಭಂಡಾರ ಹಿಡಿದರೆ ಮಾತು, ಇಲ್ಲದಿದ್ದರೆ ಗಾಳಿ. ಚುನಾವಣೆ ಬಂತೆಂದರೆ ನನ್ನ ಗಂಡನ ಕಿಸೆಯಲ್ಲಿ ಮೊಬೈಲಿನ ಪಕ್ಕಕ್ಕೆ ಒಂದು ಭಂಡಾರದ ಪೊಟ್ಟಣವೂ ಇರುತ್ತದೆ. ಬಿಳಿ ಅಂಗಿಗೆ ಹಳದಿ ಕಲೆ ಹತ್ತುತ್ತದೆ. ಅದನ್ನು ತೊಳೆಯುವುದು ನನ್ನ ಕೆಲಸ. ಕಲೆ ಹೆಚ್ಚಿದ್ದರೆ ಆ ದಿನ ಹೆಚ್ಚು ಮಂದಿಯನ್ನು ನಂಬಿಸಿ ಬಂದಿದ್ದಾರೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ.

ಮುಂದೆ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಅಧ್ಯಕ್ಷ ಸ್ಥಾನ ಹೆಂಗಸರಿಗೆ ಬರುತ್ತದೆ ಎಂದು ಇವರಿಗೆ ಯಾರೋ ಮೊದಲೇ ಕಿವಿಯಲ್ಲಿ ಊದಿದ್ದರು. ಗ್ರಾಮ ಪಂಚಾಯಿತಿ ಇವರ ಮಟ್ಟಕ್ಕೆ ಸಣ್ಣದು. ಆದರೆ ಸೋತವನ ಮನೆಯಲ್ಲಿ ಒಂದು ಕುರ್ಚಿಯಾದರೂ ಇರಬೇಕು, ಇಲ್ಲವಾದರೆ ಮಂದಿ ಮರೆಯುತ್ತಾರೆ. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ನನ್ನ ಮುಂದೆ ಬಂದು ನಿಂತು, "ನಿನ್ನ ಫೋಟೋ ಬೇಕಾಗ್ಯಾದ. ಚಲೋ ಸೀರಿ ಉಟ್ಕೋ" ಎಂದರು. ನಾನು ಚುನಾವಣೆಗೆ ನಿಂತದ್ದು ಹೀಗೆ. ಗೆದ್ದೆ ಕೂಡ.

ಗೆದ್ದ ಮೇಲೆ ಅಧ್ಯಕ್ಷರ ಆಯ್ಕೆ. ಎದುರು ಗುಂಪಿನವರು ಸದಸ್ಯರನ್ನು ಎಳೆಯಬಾರದೆಂದು ಎಲ್ಲರನ್ನೂ ಟೂರಿಗೆ ಕರೆದೊಯ್ಯುವುದು ಈಗಿನ ಪದ್ಧತಿ. ಗೋವಾ ಎಂದು ಹೇಳಿ ಗಾಡಿ ಹತ್ತಿಸಿದರು. ಇಳಿಸಿದ್ದು ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿ ಕೆರೆಯ ಆಚೆ, ಇವರ ಗೆಳೆಯರೊಬ್ಬರ ಹೊಲದ ಮನೆಯಲ್ಲಿ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಅದಕ್ಕೇ ಆ ಜಾಗ.

"ಗೋವಾ ಅಂದಿದ್ರಿ ಸಾಹೇಬ್ರ, ಇದೇನ್ರಿ?" ಎಂದು ಒಬ್ಬ ಸದಸ್ಯ ಮುಖ ಸಣ್ಣ ಮಾಡಿದ.

"ನೀರು ನೋಡ್ಬೇಕು ಅಂದಿದ್ರಿ. ನೀರು ಅದಲ್ಲ, ಕಣ್ತುಂಬ ನೋಡ್ರಿ" ಎಂದರು ಇವರು.

ಆ ಹೊಲದ ಮನೆಯಲ್ಲಿ ಇದ್ದಷ್ಟು ದಿನ ಒಬ್ಬರ ಕಣ್ಣು ಒಬ್ಬರ ಮೇಲೆ. ಒಬ್ಬ ಬಹಿರ್ದೆಸೆಗೆಂದು ಗಿಡದ ಮರೆಗೆ ಹೋದರೆ ಇನ್ನೊಬ್ಬನಿಗೂ ಆಗಲೇ ಅವಸರವಾಗುತ್ತಿತ್ತು. ಅಡುಗೆ ಮಾಡಲು ಬಂದಿದ್ದ ಹೆಂಗಸು ನಮ್ಮ ತವರಿನ ಕಡೆಯವಳು. ನಾವಿಬ್ಬರೂ ತೆಲುಗಿನಲ್ಲಿ ಮಾತಾಡಿಕೊಂಡೆವು. ಬೇಳೆಗೆ ಉಪ್ಪು ಹೆಚ್ಚಾಗಿದೆ, ಹುಣಸೆಹುಳಿ ಹಿಂಡು ಎಂದಿದ್ದೆ, ಅಷ್ಟೇ. ಸಂಜೆಗೆಲ್ಲ ನಾನು ಎದುರು ಗುಂಪಿಗೆ ಸುದ್ದಿ ಕಳಿಸುತ್ತಿದ್ದೇನೆ ಎಂದು ಗುಸುಗುಸು ಹಬ್ಬಿತ್ತು. ಅಧ್ಯಕ್ಷೆ ಆಗಬೇಕಾದವಳು ನಾನೇ. ನನ್ನ ವಿರುದ್ಧ ನಾನೇ ಸುದ್ದಿ ಕಳಿಸುವುದು ಹೇಗೆಂದು ಯಾರೂ ಕೇಳಲಿಲ್ಲ. ನನ್ನ ಗಂಡ ಆ ಅಡುಗೆಯವಳನ್ನು ಬದಲಿಸಿದರು.

ಸದಸ್ಯರಲ್ಲಿ ಒಬ್ಬಳು ವಿಧವೆ. ಮನೆಯಲ್ಲೇ ಮಷೀನು ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಅವಳ ಮಾತಿಗೆ ಅವಳ ಓಣಿಯ ಇನ್ನಿಬ್ಬರು ಸದಸ್ಯರು ಬದ್ಧರು. ಆ ಮೂವರಿಲ್ಲದೆ ನಮಗೆ ಬಹುಮತವಿಲ್ಲ. ಎಲ್ಲರೂ ಉಂಡು ಕೂತಿದ್ದ ಒಂದು ಮಧ್ಯಾಹ್ನ ಅವಳು ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

"ನಾವು ಮೂರೂ ಮಂದಿ ಅಕ್ಕಗ ಓಟು ಹಾಕ್ತೀವಿ. ಆದ್ರ ಅರ್ಧ ಅವಧಿ ಆದ ಮ್ಯಾಲ ಅಕ್ಕ ರಾಜೀನಾಮೆ ಕೊಡ್ಬೇಕು. ಉಳದ ಅರ್ಧ ನಂದು."

ನನ್ನ ಗಂಡನ ಕೈ ಆಗಲೇ ಕಿಸೆಗೆ ಹೋಗಿತ್ತು. "ಆಯ್ತು ಬಿಡವ್ವಾ. ಅದಕ್ಕೇನದ? ಈಗೇ ಭಂಡಾರ ಹಿಡೀತೀನಿ."

"ನಿಮ್ಮ ಆಣಿ ಬ್ಯಾಡ್ರಿ ಸಾಹೇಬ್ರ. ನಿಮ್ಮ ಆಣಿ ಮನಿಗೊಂದು ಬಿದ್ದಾವ. ಅಕ್ಕ ಮಾಡ್ಲಿ. ಅವ್ರು ಆಣಿ ಮಾಡಂಗಿಲ್ಲ ಅಂತ ಊರಿಗೆಲ್ಲ ಗೊತ್ತದ. ಅದಕ್ಕೇ ಅವ್ರು ಮಾಡಿದ್ರ ನಾ ನಂಬ್ತೀನಿ."

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದರು. ನನ್ನ ಗಂಡ ಪೊಟ್ಟಣ ಹಿಡಿದ ಕೈಯನ್ನು ನನ್ನ ಕಡೆಗೆ ಚಾಚಿದರು. ಅವರ ಮುಖದಲ್ಲಿ ಸಿಟ್ಟಿತ್ತೋ ಸಮಾಧಾನವಿತ್ತೋ ನನಗೆ ತಿಳಿಯಲಿಲ್ಲ. ನಾನು ಯೋಚಿಸಿದೆ. ಅರ್ಧ ಅವಧಿಯ ಮೇಲೆ ಇಳಿಯುವುದು ನನ್ನ ಕೈಯಲ್ಲೇ ಇರುವ ಕೆಲಸ. ಅದನ್ನು ನಾನು ಹೊರಬಲ್ಲೆ. ಭಂಡಾರವನ್ನು ಅಂಗೈಗೆ ಸುರಿದುಕೊಂಡು, "ಅರ್ಧ ಆದ ಮ್ಯಾಲ ಕುರ್ಚಿ ಬಿಡ್ತೀನಿ" ಎಂದೆ. ಹುಟ್ಟಿದ ಮೇಲೆ ನಾನು ಮಾಡಿದ ಮೊದಲ ಆಣೆ ಅದು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಿತ್ತು. ನನ್ನ ಗಂಡನ ಮಾತು ನಡೆಯದ ಕಡೆ ನನ್ನ ಮಾತು ನಡೆದಿತ್ತು.

ಅಧ್ಯಕ್ಷೆಯಾದೆ. ನಾನು ಅಧ್ಯಕ್ಷರ ಕುರ್ಚಿಯಲ್ಲಿ, ಅವರು ಪಕ್ಕದ ಕುರ್ಚಿಯಲ್ಲಿ. ಪಂಚಾಯಿತಿ ಅಧಿಕಾರಿ ಫೈಲನ್ನು ನನ್ನ ಮುಂದಿಟ್ಟು, ಮಾತನ್ನು ಅವರ ಮುಂದಿಡುತ್ತಿದ್ದರು. ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಹೆಂಗಸರು ನನ್ನ ಬಳಿ ಬರುತ್ತಿದ್ದರು. "ಅಕ್ಕೋರೆ" ಎಂದು ಶುರುವಾದ ದೂರು "ನೋಡ್ರಿ ಸಾಹೇಬ್ರ" ಎಂದು ಮುಗಿಯುತ್ತಿತ್ತು. ನಾನು ಎಲ್ಲಿ ಅಂದರೆ ಅಲ್ಲಿ ಸಹಿ ಮಾಡುತ್ತಿರಲಿಲ್ಲ, ಓದಿ ಮಾಡುತ್ತಿದ್ದೆ. ಹಾಗೆ ಓದುವುದನ್ನು ಕಂಡು ಅವರಿಗೆ ನನ್ನ ಮೇಲೆ ಇನ್ನಷ್ಟು ಅನುಮಾನ. "ಯಾರು ಹೇಳಿಕೊಟ್ಟಾರ ನಿನಗ?" ಎಂದು ಒಮ್ಮೆ ಕೇಳಿದರು. ಓದುವುದನ್ನು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ ಎಂದೆ.

ಆ ಅಧ್ಯಕ್ಷಗಿರಿಯಲ್ಲಿ ಎಲ್ಲವೂ ಅವರದೇ. ಓಟು ಬಿದ್ದದ್ದು ಅವರ ಮುಖ ನೋಡಿ, ಕುರ್ಚಿ ಬಂದದ್ದು ಅವರ ಲೆಕ್ಕಾಚಾರದಿಂದ. ನನ್ನದೆಂದು ಇದ್ದದ್ದು ಆ ಆಣೆ ಒಂದೇ. ಹಾಗಾಗಿ ಅದನ್ನು ಜೋಪಾನ ಮಾಡಿಕೊಂಡು ಬಂದೆ.

ಅರ್ಧ ಅವಧಿ ಹತ್ತಿರವಾದಂತೆ ಹೊಲಿಗೆಯಾಕೆ ನಮ್ಮ ಮನೆಗೆ ಬರುವುದು ಹೆಚ್ಚಾಯಿತು. "ಆರಾಮಿದ್ದೀರಿ ಅಕ್ಕಾ?" ಎಂದು ಕೇಳುವಳು, ಚಹಾ ಕುಡಿಯುವಳು, ಹೋಗುವಳು. ಚಹಾ ಚೆನ್ನಾಗಿದೆ ಎಂದು ಹೇಳಲಿಲ್ಲ. ಅದೊಂದು ನನಗೆ ಅವಳಲ್ಲಿ ಹಿಡಿಸಿತು. ಒಂದು ದಿನ ನಾನು ಕೇಳದೆಯೇ ಒಂದು ರವಿಕೆ ಹೊಲಿದು ತಂದಳು. ಅಳತೆ ಸರಿಯಾಗಿತ್ತು. ನನ್ನ ಅಳತೆಯನ್ನು ಇವಳು ಯಾವಾಗ ತೆಗೆದುಕೊಂಡಳು ಎಂದು ನಾನು ದಿನವಿಡೀ ತಲೆ ಕೆಡಿಸಿಕೊಂಡೆ. ನಂಬಿಕೆಯಿದ್ದರೆ ಹೀಗೆ ಬಂದು ಬಂದು ನೋಡುತ್ತಿದ್ದಳೇ? ಆಣೆ ಮಾಡಿಸಿಕೊಂಡವಳೇ ನಂಬದಿದ್ದರೆ ಆಣೆ ಯಾತಕ್ಕೆ ಎಂದು ಒಳಗೊಳಗೇ ಉರಿದುಕೊಂಡೆ.

ಒಂದು ಬೆಳಿಗ್ಗೆ ನಾನೇ ಮಾತು ತೆಗೆದೆ. ರಾಜೀನಾಮೆ ಕೊಡುವ ಹೊತ್ತು ಬಂತಲ್ಲ ಎಂದೆ. ನನ್ನ ಗಂಡ ಬಾಯಿಗೆ ಹಾಕಿದ ತುತ್ತನ್ನು ಅಗಿಯುವುದು ನಿಲ್ಲಿಸಿದರು.

"ಯಾವ ರಾಜೀನಾಮೆ? ತಲಿ ಕೆಟ್ಟದೇನು? ಕೈಗಿ ಬಂದ ಕುರ್ಚಿ ಯಾರರ ಬಿಡ್ತಾರೇನು?"

"ಆಣಿ ಮಾಡೀನಲ್ರಿ."

"ಆಣಿ!" ಎಂದು ತಟ್ಟೆ ಸರಿಸಿದರು. "ಅದು ಗುಡಿ ಭಂಡಾರ ಅಲ್ಲೇ ಅಲ್ಲ, ತಿಳೀತಾ? ವಾಡಿ ಕಿರಾಣಿ ಅಂಗಡ್ಯಾಗಿನ ಅರಿಶಿಣ. ಪಾಕೀಟ ಒಡದು ಪೊಟ್ಣ ಕಟ್ಕೊಂಡಿದ್ದೆ. ಅದರ ಮ್ಯಾಲ ಮಾಡಿದ್ದು ಯಾವ ಆಣಿ?"

ನನ್ನ ಮೈ ಧಗಧಗ ಉರಿಯಿತು. ಇಷ್ಟು ವರ್ಷ ಅದೇ ಪೊಟ್ಟಣ ಹಿಡಿದು ಎಷ್ಟು ಮಂದಿ ಕಣ್ಣು ಮುಚ್ಚಿ, ಕುಲದೇವರನ್ನು ನೆನೆದು ಗಡಗಡ ನಡುಗಿದ್ದರು. ಆ ಹಳದಿ ಕಲೆಗಳನ್ನು ದೇವರದೆಂದು ಭಯಭಕ್ತಿಯಿಂದ ತೊಳೆದ ನಾನೂ ಅವರ ಸಾಲಿನವಳೇ. "ಅರಿಶಿಣ ಅಂಗಡೀದು ಇದ್ದೀತು. ಬಾಯಿ ನಂದದ" ಎಂದೆ.

ಅವರು ಎದ್ದು ನಿಂತು ಓಣಿಗೆಲ್ಲ ಕೇಳುವಂತೆ ಕೂಗಾಡಿದರು. "ಭಾಳ ಶಾಣ್ಯಾಕಿ ಆಗೀದಿ! ರಾಜೀನಾಮೆ ಅಂದ್ರ ಪಂಚಾಯ್ತ್ಯಾಗ ಚೀಟಿ ಕೊಟ್ಟು ಬರೋದು ಅಂತ ತಿಳದೀದಿ ಏನು? ಸೇಡಂಕ ಹೋಗಿ ಎಸಿ ಸಾಹೇಬ್ರ ಕೈಯಾಗ ಕೊಡ್ಬೇಕಾಗ್ತದ! ನಿನ್ನ ಕೈಯಾರೆ ಬರೀಬೇಕಾಗ್ತದ! ಹೊಸ್ತಿಲ ದಾಟಿ ನೋಡು, ಆಮ್ಯಾಲ ಹೇಳ್ತೀನಿ!"

ಮರುದಿನ ಅವರು ಬೆಳಿಗ್ಗೆಯೇ ಶಹಾಬಾದಿನಲ್ಲಿ ಕೆಲಸವಿದೆ ಎಂದು ಜೀಪು ತೆಗೆದುಕೊಂಡು ಹೋದರು. ನಾನು ಹೊಸ್ತಿಲು ದಾಟಿದೆ. ವಾಡಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿದೆ. ಎದುರಿಗೆ ಕೂತು ಪೇಪರು ಓದುತ್ತಿದ್ದವನು ಹಾಳೆಯನ್ನೇ ತಿರುವಲಿಲ್ಲ. ಇವನು ನಮ್ಮ ಮನೆಯವರು ಬಿಟ್ಟ ಬೇಹುಗಾರ ಎಂದು ಖಾತ್ರಿ ಮಾಡಿಕೊಂಡೆ. ಚಿತ್ತಾಪುರ ಬಂದಾಗ ಅವನು ಪೇಪರನ್ನು ಮಡಚಿ, ಮಗ್ಗುಲ ಮುದುಕಿಯನ್ನು ಎಬ್ಬಿಸಿ ಕೈ ಹಿಡಿದು ಇಳಿಸಿಕೊಂಡು ಹೋದ. ಆಗಲೂ ನನ್ನ ಅನುಮಾನ ಪೂರ್ತಿ ಹೋಗಲಿಲ್ಲ.

ಸೇಡಂನ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಗುಮಾಸ್ತ ನನ್ನ ಹಿಂದೆ ಇಣುಕಿ ನೋಡಿ, "ಯಜಮಾನ್ರು ಎಲ್ಲರಿ?" ಎಂದ. "ನಾನೇ ಅಧ್ಯಕ್ಷಿ" ಎಂದೆ. ಒಳಗೆ ಅಧಿಕಾರಿ ನನ್ನ ಕಾಗದ ಓದಿ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಕೇಳಿದರು. ಇಲ್ಲ, ಬೇಡವೆಂದು ಒತ್ತಾಯ ಮಾಡಿದ್ದಾರೆ ಎಂದೆ. ಅವರು ನಕ್ಕರು. ಮನಸ್ಸು ಬದಲಾದರೆ ವಾಪಸು ಪಡೆಯಲು ಕೆಲವು ದಿನ ಕಾನೂನಿನಲ್ಲಿ ಅವಕಾಶವಿದೆ, ಮನೆಯಲ್ಲಿ ವಿಚಾರ ಮಾಡಿ ಎಂದರು. ಮರಳುವಾಗ ರೈಲಿನ ಕಿಟಕಿಯಿಂದ ತೊಗರಿ ಹೊಲಗಳನ್ನು ನೋಡುತ್ತಾ ಕೂತಿದ್ದೆ. ಬಾಳಿನಲ್ಲಿ ಒಂದು ಕೆಲಸವನ್ನಾದರೂ ನಾನೇ ನಿಶ್ಚಯಿಸಿ, ನಾನೇ ಹೋಗಿ, ನಾನೇ ಮಾಡಿ ಬಂದೆ ಎಂಬ ಸಂತೋಷಕ್ಕೆ ಶೇಂಗಾ ಮಾರುವವನನ್ನು ಕರೆದು ನನಗೆಂದೇ ಒಂದು ಪೊಟ್ಟಣ ಕೊಂಡುಕೊಂಡೆ. ಅಷ್ಟು ಸುಖ ನನಗೆ ಗೆದ್ದ ದಿನವೂ ಆಗಿರಲಿಲ್ಲ.

ಮನೆಯಲ್ಲಿ ನಿರೀಕ್ಷಿಸಿದಂತೆಯೇ ರಂಪವಾಯಿತು. ಅಂಗಳದಲ್ಲೇ ನಿಂತು ಬೈದರು. ಆಚೆಈಚೆ ಮನೆಯವರು ಕೇಳಿಸಿಕೊಳ್ಳಲೆಂದೇ ಕಸ ಗುಡಿಸಲು ಹೊರಬಂದರು. ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಕೆಲವು ದಿನ ಅವರು ವಾಡಿಯ ಸಂಘದ ಕಚೇರಿಯಲ್ಲೇ ಉಳಿದರು. ರಾಜೀನಾಮೆ ವಾಪಸು ಪಡೆಯುವ ಗಡುವು ಹಾಗೇ ಕಳೆದುಹೋಯಿತು.

ಹೊಲಿಗೆಯಾಕೆ ಓಡಿ ಬಂದಳು. ಸಂತೋಷದಿಂದ ಬಂದಿದ್ದಾಳೆ ಎಂದುಕೊಂಡೆ. ಅವಳು ಕೂರಲಿಲ್ಲ. ಬಾಗಿಲಲ್ಲೇ ನಿಂತು, "ಅಕ್ಕಾ, ಖರೇ ಹೇಳ್ರಿ. ಇದ್ರಾಗ ಏನದ? ಪಂಚಾಯ್ತ್ಯಾಗ ಏನರ ತನಿಖಿ ಬರ್ಲಿಕತ್ತದೇನು? ನನ್ನ ತಲಿಗಿ ಕಟ್ಟಿ ನೀವು ಇಳ್ಯಾಕತ್ತೀರೇನು?" ಎಂದಳು.

"ಏನಿಲ್ಲ ತಂಗಿ. ಆಣಿ ಮಾಡಿದ್ನಲ್ಲ, ಅದಕ್ಕ."

ಅವಳು ಚಹಾ ಕೂಡ ಕುಡಿಯದೆ ಹೋದಳು. ನಾನು ಆಣೆ ಮಾಡಿದ ದಿನ ನಂಬಿದವಳು, ನಡೆಸಿಕೊಟ್ಟ ದಿನ ನಂಬಲಿಲ್ಲ. ಅಧ್ಯಕ್ಷೆಯಾದ ಮೇಲೂ ಅವಳು ಹಳೆಯ ಫೈಲುಗಳನ್ನೆಲ್ಲ ತೆಗೆಸಿ ಯಾವುದೋ ಉರುಲಿಗಾಗಿ ಹುಡುಕಿದಳು ಎಂದು ಕೇಳಿದೆ. ಅವಳಿಗೆ ಏನೂ ಸಿಗಲಿಲ್ಲ. ಅದರಿಂದ ಅವಳ ಹೆದರಿಕೆ ಹೆಚ್ಚಾಯಿತಂತೆ.

ಆಮೇಲೆ ಶಹಾಬಾದಿನ ಒಂದು ಕಲ್ಯಾಣ ಮಂಟಪದಲ್ಲಿ ನನ್ನ ಗಂಡನ ಪಕ್ಷದ ಸಭೆ. ಹೆಂಗಸರು ಕಡಿಮೆ ಬೀಳುತ್ತಾರೆಂದು ನನ್ನನ್ನೂ ಕರೆದೊಯ್ದರು. ಜಿಲ್ಲೆಯ ಹಿರಿಯ ಮುಖಂಡರೊಬ್ಬರು ಮೈಕು ಹಿಡಿದು, ಈ ಕಾಲದಲ್ಲಿ ಕೊಟ್ಟ ಮಾತಿಗೆ ಹೆಂಡತಿಯ ಕುರ್ಚಿಯನ್ನೇ ಬಿಡಿಸಿದ ಮನುಷ್ಯ ಎಲ್ಲಾದರೂ ಉಂಟೇ ಎಂದು ನನ್ನ ಗಂಡನ ಬೆನ್ನು ತಟ್ಟಿದರು. ಮುಂದಿನ ಜಿಲ್ಲಾ ಪಂಚಾಯಿತಿ ಟಿಕೆಟ್ಟು ಇಂಥವರಿಗೇ ಸಿಗಬೇಕು ಎಂದರು. ಚಪ್ಪಾಳೆ ಬಿತ್ತು. ಇವರು ಮುಜುಗರಪಟ್ಟು ತಲೆ ತಗ್ಗಿಸುತ್ತಾರೆ ಎಂದು ನಾನು ಕಾದೆ. ಇವರು ಕೈ ಮುಗಿದು ಮೈಕು ತೆಗೆದುಕೊಂಡರು.

"ಮನ್ಯಾಗ ಬ್ಯಾಡ ಅಂತ ಭಾಳ ಜಗಳ ಆಯ್ತು, ಓಣಿ ಮಂದಿನ್ನ ಕೇಳ್ರಿ ಬೇಕಾದ್ರ. ಆದ್ರ ಮಾತು ಅಂದ್ರ ಮಾತು" ಎಂದರು.

ಓಣಿಯ ಮಂದಿ ಅಲ್ಲೇ ಕೂತಿದ್ದರು. ಹೌದು ಹೌದು ಎಂದು ತಲೆಯಾಡಿಸಿದರು. ಜಗಳ ಕೇಳಿದ್ದರಲ್ಲ. ಯಾರು ಬೇಡ ಅಂದರು, ಯಾರು ಹೋಗುತ್ತೇನೆ ಅಂದರು ಎಂಬುದು ಅಂಗಳದ ಆಚೆ ಯಾರಿಗೆ ನೆನಪಿರುತ್ತದೆ? ಪಕ್ಕದ ಹೆಂಗಸು ನನ್ನ ತೊಡೆ ಚಿವುಟಿ, "ಕುರ್ಚಿ ಮ್ಯಾಲ ಅಷ್ಟ್ ಆಸಿ ಇತ್ತೇನ್ರಿ ಅಕ್ಕೋರೆ?" ಎಂದು ನಕ್ಕಳು. ನನಗೆ ಅಲ್ಲೇ ಎದ್ದು ನಿಂತು ಕೂಗಬೇಕೆನಿಸಿತು. ಕೂಗಿದ್ದರೆ, ಇವಳಿಗೆ ಕುರ್ಚಿಯ ಆಸೆ, ಗಂಡನ ಮಾತೇ ಖರೆ ಎಂದು ಮಂದಿ ಅನ್ನುತ್ತಿದ್ದರು.

ಮರಳುವ ದಾರಿಯಲ್ಲಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ನಾನು ಹಿಂದಿನದನ್ನೆಲ್ಲ ಒಂದೊಂದಾಗಿ ಎಳೆದು ನೋಡಿದೆ. ರಾಜೀನಾಮೆ ಯಾರ ಕೈಗೆ ಕೊಡಬೇಕು, ಹೇಗೆ ಬರೆಯಬೇಕು ಎಂದು ನನಗೆ ತಿಳಿಸಿದವರು ಅವರೇ. ಬೈಗುಳದ ನಡುವೆ ಇಟ್ಟು ತಿಳಿಸಿದ್ದರು. ಮರುದಿನ ನನ್ನ ದಾರಿಗೆ ಅಡ್ಡ ನಿಲ್ಲದೆ ಬೆಳಿಗ್ಗೆಯೇ ಹೊರಟುಹೋದವರೂ ಅವರೇ. ಗಡುವು ಇರುವಾಗ ಓಣಿ ಹಾರುವಂತೆ ಬೈದರೇ ಹೊರತು, "ನಡಿ, ಸೇಡಂಕ ಹೋಗಿ ವಾಪಸ್ ತರಮ್" ಎಂದು ಒಮ್ಮೆಯಾದರೂ ಅಂದಿರಲಿಲ್ಲ. ಮನೆಗೆ ಬಂದವರ ನಗು, ಹೊಗಳಿಕೆ, ನಮಸ್ಕಾರ ಎಲ್ಲವನ್ನೂ ಅನುಮಾನಿಸಲು ಕಲಿತ ನಾನು ನನ್ನ ಗಂಡನ ಸಿಟ್ಟನ್ನು ಮಾತ್ರ ಒಮ್ಮೆಯೂ ಅನುಮಾನಿಸಿರಲಿಲ್ಲ.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

"ಅವತ್ತು ನೀವು ಖರೇನೇ ಸಿಟ್ಟಾಗಿದ್ರೇನು? ನಾ ಸೇಡಂಕ ಹೋಗ್ಲಿ ಅಂತನೇ ಹಂಗ ಅಂದ್ರೇನು?"

ಅವರು ಪುಂಡಿಪಲ್ಯದಲ್ಲಿ ರೊಟ್ಟಿ ಮುರಿದು ಅದ್ದಿದರು. ತಲೆ ಎತ್ತಲಿಲ್ಲ. ಮೀಸೆಯಡಿ ನಗುವಿತ್ತೋ ಇಲ್ಲವೋ, ಅಗಿಯುತ್ತಿದ್ದುದರಿಂದ ತಿಳಿಯಲಿಲ್ಲ.

"ಹೋಗು ಅಂದಿದ್ರ ನೀ ಹೋಗ್ತಿದ್ದೇನು?" ಎಂದರು.

ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಹೋಗು ಅಂದಿದ್ದರೆ ಇದರಲ್ಲಿ ಏನೋ ಇದೆ, ಒಳಗೊಳಗೆ ಯಾವುದೋ ವ್ಯವಹಾರ ಕುದುರಿದೆ ಎಂದು ನಾನು ಹಟ ಹಿಡಿದು ಕುರ್ಚಿಯಲ್ಲೇ ಕೂತಿರುತ್ತಿದ್ದೆ. ಅದು ನನಗೂ ಗೊತ್ತು. ಅವರಿಗೆ ನನಗಿಂತ ಮೊದಲೇ ಗೊತ್ತಿತ್ತೋ ಏನೋ. ಇಲ್ಲವೇ ಅವರು ಖರೆಯೇ ಸಿಟ್ಟಾಗಿದ್ದು, ಆದದ್ದನ್ನು ಆಮೇಲೆ ತಮ್ಮ ಕಿಸೆಗೆ ಹಾಕಿಕೊಂಡಿದ್ದರೂ ಇರಬಹುದು. ಎರಡರಲ್ಲಿ ಯಾವುದು ಎಂದು ನನಗೆ ಈ ಹೊತ್ತಿಗೂ ತಿಳಿದಿಲ್ಲ. ರೈಲಿನಲ್ಲಿ ಕೂತು ಪಟ್ಟ ಆ ಸುಖ ನನ್ನದು ಹೌದೋ ಅಲ್ಲವೋ ಎಂಬುದೂ ಅದರೊಂದಿಗೇ ಉಳಿದುಹೋಗಿದೆ.

ಕೈ ತೊಳೆದು ಎದ್ದವರು ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತಾ, "ಮುಂದ ಮತ್ತ ಪಂಚಾಯ್ತಿ ಚುನಾವಣಿ ಬರ್ತದ. ಆಗ ಮಾತ್ರ ನೀ ನಿಂದ್ರಬ್ಯಾಡ. ಸುಮ್ಮ ಮನ್ಯಾಗ ಇರು" ಎಂದು ಹೇಳಿ ಹೊರಗೆ ಹೋದರು.

ಅಂದಿನಿಂದ ಅದೇ ಯೋಚನೆಯಲ್ಲಿದ್ದೇನೆ. ನಿಲ್ಲಬೇಕೆಂದು ನನಗೆ ನಿಜವಾಗಿಯೂ ಆಸೆಯಿದೆ. ಆದರೆ ನಿಂತರೆ ಅವರಿಗೆ ಬೇಕಾದಂತೆ ಆಗುತ್ತದೋ, ನಿಲ್ಲದಿದ್ದರೆ ಅವರಿಗೆ ಬೇಕಾದಂತೆ ಆಗುತ್ತದೋ ಗೊತ್ತಾಗುತ್ತಿಲ್ಲ.